ಸ್ಟೂಲಿನ ಪಕ್ಕದ ಕೆಂಪು ಗುಂಡಿ

ಈ ವರ್ಷ ಫೆಬ್ರವರಿಯ ಎರಡನೇ ಭಾನುವಾರ, ನಾಸಿಕ್‌ನ ನಮ್ಮ ಮನೆಯ ಹಿಂದಿನ ವರಾಂಡದಲ್ಲಿರುವ ಸಿಎನ್‌ಸಿ ಯಂತ್ರಕ್ಕೆ ತುರ್ತು ನಿಲುಗಡೆಯ ಗುಂಡಿ ಕೂತಿತು. ವೈರಿಂಗ್ ಮಾಡಿದವಳು ನನ್ನ ಹೆಂಡತಿ. ಟಾರ್ಚ್ ಹಿಡಿದವನು ನಾನು.

ಯಂತ್ರ ಅವಳದು. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರದಂತೆ ತಾನಾಗಿ ಮರ ಕೊರೆಯುವ, ಊಟದ ಮೇಜಿನಷ್ಟು ಅಗಲದ ಯಂತ್ರ. ದೇವರ ಮಂಟಪದ ಜಾಲರಿ, ಬಾಗಿಲ ಮೇಲಿನ ಹೆಸರಿನ ಫಲಕ ಅದರಲ್ಲಿ ಆಗುತ್ತವೆ. ಅವಳು ಬೀದರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ನಾನು ಬ್ಯಾಂಕಿನವನು. ನನ್ನ ಒಂದೊಂದು ವರ್ಗಾವಣೆಗೂ ಅವಳು ಒಂದೊಂದು ಕೆಲಸ ಬಿಟ್ಟಿದ್ದಾಳೆ. ನಾಸಿಕ್‌ಗೆ ಬಂದಾಗ ಹೊಸ ಕೆಲಸ ಹುಡುಕದೆ, ಬಿಡಿಭಾಗ ತರಿಸಿ ಇದನ್ನು ಕಟ್ಟಿಕೊಂಡಳು. ಹೋದ ವರ್ಷ ನನ್ನನ್ನು ಛತ್ರಪತಿ ಸಂಭಾಜಿನಗರಕ್ಕೆ ಹಾಕಿದಾಗ ಮನೆಯಲ್ಲಿ ಸಾಮಾನು ಕಟ್ಟುವ ಸದ್ದು ಕೇಳಲಿಲ್ಲ.

"ಈ ಸಲ ನೀವೊಬ್ರೇ ಹೋಗ್ರಿ," ಎಂದಳು. "ನೆಲಕ್ಕ ಬೋಲ್ಟ್ ಹಾಕಿ ಆಗ್ಯದ."

"ಮಷಿನ್‌ಗೋ, ನಿನಗೋ?"

"ಇಬ್ರಿಗೂ."

ಯಂತ್ರ ಓಡುವಾಗ ಮೇನ್ ಸ್ವಿಚ್ಚಿನ ಬಳಿ ಒಬ್ಬರು ಇರಲೇಬೇಕೆಂಬುದು ನಮ್ಮ ಮನೆಯ ನಿಯಮ. ಅದಕ್ಕೊಂದು ಕಾರಣವಿತ್ತು. ಯಂತ್ರ ಹೊಸದಿದ್ದಾಗ ಒಮ್ಮೆ ಅದರ ಬ್ಲೇಡು, ಹಲಗೆಯನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗೆ ಬಡಿಯಿತು. ಕಂಪ್ಯೂಟರಿನಲ್ಲಿ ನಿಲ್ಲಿಸಲು ಹೋದರೆ ಅದು ಕೇಳಲಿಲ್ಲ. ನಾನು ವರಾಂಡದ ಆ ತುದಿಗೆ ಓಡಿ ಮೇನ್ ಇಳಿಸಿದೆ. ಹಲಗೆ ಸೀಳಿತ್ತು. ಅವಳಿಗೆ ಏನೂ ಆಗಿರಲಿಲ್ಲ. ಅಂದೇ ಸ್ವಿಚ್ ಬೋರ್ಡಿನ ಕೆಳಗೆ ಒಂದು ಸ್ಟೂಲು ಬಂತು.

ಸ್ಟೂಲು ನನ್ನದು. ತೊಡೆಯ ಮೇಲೆ ಪೇಪರ್ ಇಟ್ಟುಕೊಂಡು ಕೂರುತ್ತಿದ್ದೆ. ಯಂತ್ರದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ನಿಲ್ಲಿಸಬೇಕೆಂದರೆ ಅವಳು ಎಡಗೈ ಎತ್ತುತ್ತಿದ್ದಳು. ಹೆಚ್ಚಿನ ದಿನ ಎತ್ತುತ್ತಿರಲಿಲ್ಲ. ಅವಳ ಕಣ್ಣು ಹಲಗೆಯ ಮೇಲೆ, ನನ್ನ ಕಣ್ಣು ಅವಳ ಎಡಗೈ ಮೇಲೆ. ನಮ್ಮ ಸಂಸಾರದಲ್ಲಿ ಇಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಇದ್ದದ್ದು ಬೇರೆಲ್ಲೂ ನೆನಪಿಲ್ಲ.

ವರ್ಗಾವಣೆಯ ನಂತರ ಯಂತ್ರ ವಾರವಿಡೀ ಸುಮ್ಮನಿರುತ್ತಿತ್ತು. ಶನಿವಾರ ಸಂಜೆ ನಾನು ಎಸ್‌ಟಿ ಬಸ್ ಹಿಡಿದು ವೈಜಾಪುರ, ಯೇವಲಾ ದಾಟಿ ಬರುತ್ತಿದ್ದೆ. ಭಾನುವಾರ ನೆರೆಯವರ ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಮರ ಕೊರೆಯುವುದು. ಸೋಮವಾರ ಮುಂಜಾನೆ ಮತ್ತೆ ಬಸ್ಸು.

ಸಂಭಾಜಿನಗರದಲ್ಲಿ ನಾನು ಬಾಡಿಗೆಗೆ ಹಿಡಿದ ಖೋಲಿಯ ಎದುರಿಗೆ ಬಾಗಿಲು ಕಿಟಕಿ ಮಾಡುವ ಅಂಗಡಿಯಿದೆ. ಸಿಲ್ಲೋಡಿನ ಹತ್ತಿ ವ್ಯಾಪಾರಿಗಳ ಗದ್ದಲ ಮುಗಿಸಿ ಬ್ಯಾಂಕಿನಿಂದ ಬಂದರೆ ಅಲ್ಲಿ ಗರಗಸ ಓಡುತ್ತಿರುತ್ತದೆ. ಅದರ ಸದ್ದು ಏರಿ ಇಳಿದಾಗ ನನ್ನ ಬಲಗೈ ತಾನಾಗಿ ಗೋಡೆಯ ಕಡೆ ಹೋಗುತ್ತಿತ್ತು. ಅಲ್ಲಿ ಸ್ವಿಚ್ ಇರಲಿಲ್ಲ.

ಜನವರಿಯಲ್ಲಿ ಫೋನ್ ಬಂತು.

"ಅಲ್ಲಿ ಫ್ಯಾಕ್ಟರಿ ಸಾಮಾನು ಛಲೋ ಸಿಗ್ತಾವಂತ. ಅಣಬಿ ತಲಿದು ಕೆಂಪು ಗುಂಡಿ ಇರ್ತದಲ್ರಿ, ಒಂದ್ ತರ್ರಿ. ಆರ್ಡರ್ ಭಾಳ ಕೂತಾವ. ವಾರದಾಗೂ ಮಷಿನ್ ಹಚ್ಚಬೇಕು, ನೀವ್ ಬರೋತನಕ ಎಷ್ಟಂತ ಕಾಯ್ಲಿ?"

ಗುಂಡಿ ಅವಳ ಕೈಯಳತೆಯಲ್ಲಿ ಕೂತರೆ ಸ್ಟೂಲಿನ ಮೇಲೆ ಯಾರೂ ಬೇಕಾಗುವುದಿಲ್ಲ. ಇದು ನನಗೆ ಫೋನಿನಲ್ಲೇ ತಿಳಿಯಿತು. ತರುತ್ತೇನೆ ಎಂದೆ. ತಂದೆ.

ಅವಳು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕರೆಂಟಿನ ದಾರಿ ಕೂಡಿದರೆ ಕೂಗುವ ಮೀಟರ್ ಹಚ್ಚಿ ಒತ್ತಿದಳು. ಒತ್ತಿದಾಗ ಮೀಟರ್ ಕೂಗಿತು. ಗುಂಡಿಯ ಬೆನ್ನಿಗಿದ್ದ ಹಸಿರು ತುಂಡನ್ನು ತೋರಿಸಿದಳು.

"ಉಲ್ಟಾ ತಂದೀರಿ. ಇದು ಹಸಿರು ಬ್ಲಾಕ್. ಕೆಂಪು ಬೇಕಿತ್ತು."

"ಗುಂಡಿ ಗುಂಡಿನೇ ಅಲ್ಲೇನ?"

"ಇದು ಒತ್ತಿದ್ರ ಕರೆಂಟ್ ಹರೀತದ. ನನಗ ಬೇಕಾಗಿದ್ದು ಯಾವಾಗ್ಲೂ ಹರಿಯೋದು, ಒತ್ತಿದ್ರ ನಿಲ್ಲೋದು. ಇದರ ವೈರ್ ಇಲಿ ಕಡದ್ರ ಯಾರಿಗೂ ಗೊತ್ತಾಗಂಗಿಲ್ಲ; ಒತ್ತಿದ ದಿನ ಗೊತ್ತಾಗ್ತದ. ಕೆಂಪಿಂದು ಕಡದ್ರ ಮಷಿನ್ ಅವಾಗೇ ನಿಲ್ತದ." ಮೀಟರನ್ನು ಕೆಳಗಿಟ್ಟಳು. "ನಿಮ್ ಫೋನಿನಂಗೇ ಅದ ನೋಡ್ರಿ ಇದು."

"ನನ್ನ ಫೋನ್ ಏನ್ ಮಾಡ್ತು?"

"ಏನರೆ ಆದ್ರ ಫೋನ್ ಮಾಡ್ತೀನಿ ಅಂತ ಹೇಳಿ ಹೋಗ್ತೀರಿ. ವಾರ ಪೂರಾ ಫೋನಿಲ್ಲ. ಏನೂ ಆಗಿಲ್ಲೋ, ಮಾಡ್ಲಿಕ್ಕೇ ಆಗದಂಗ ಆಗ್ಯದೋ, ನಾ ಹೆಂಗ ತಿಳ್ಕೊಬೇಕು?"

ಕೆಂಪು ಬ್ಲಾಕ್ ಬರುವತನಕ ಸ್ಟೂಲಿಗೆ ಒಂದು ವಾರ ಹೆಚ್ಚು ಸಿಕ್ಕಿತ್ತು. ಆ ಭಾನುವಾರ ಪೇಪರ್ ಬಿಡಿಸಲೇ ಇಲ್ಲ.

ಸೋಮವಾರ ಸಂಜೆ ಖೋಲಿಯಿಂದ ಫೋನ್ ಮಾಡಿದೆ.

"ಏನಾಯ್ತ್ರಿ?"

"ಏನೂ ಇಲ್ಲ."

"ಹಂಗಾದ್ರ ಛಲೋ. ಕೆಂಪು ಬ್ಲಾಕ್ ಮರೀಬ್ಯಾಡ್ರಿ," ಎಂದು ಇಟ್ಟಳು. ಮಂಗಳವಾರ "ಏನಾಯ್ತ್ರಿ" ಎನ್ನಲಿಲ್ಲ. ಅಂದಿನಿಂದ ದಿನಾ ಸಂಜೆ ಫೋನ್ ಮಾಡುತ್ತೇನೆ.

ಮುಂದಿನ ಭಾನುವಾರ, ನೆರೆಯವರು ಮಲಗುವ ಹೊತ್ತಿಗೆ ವೈರಿಂಗ್ ಶುರುವಾಯಿತು. ಅವಳು ಮೇನ್ ಇಳಿಸಿ, ಫ್ಯೂಸ್ ಕಿತ್ತು ನನ್ನ ಶರ್ಟಿನ ಜೇಬಿಗೆ ಹಾಕಿದಳು. "ನಾ ಕೇಳೋತನಕ ಕೊಡಬ್ಯಾಡ್ರಿ." ಯಂತ್ರದ ಕೆಳಗಿನ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ಇದೆ, ಬ್ಲೇಡಿಗೂ ಮೋಟರುಗಳಿಗೂ ಕರೆಂಟ್ ಅದರ ಮೂಲಕವೇ ಹೋಗಬೇಕು. ಅದನ್ನು ಎಳೆದು ಹಿಡಿಯುವ ಸಣ್ಣ ಕರೆಂಟಿನ ದಾರಿಯಲ್ಲಿ ಗುಂಡಿಯನ್ನು ಕೂರಿಸಿದಳು. ಗುಂಡಿ ಒತ್ತಿದರೆ ಹಿಡಿತ ಬಿಟ್ಟು ಎಲ್ಲವೂ ನಿಲ್ಲುತ್ತದೆ. ಗುಂಡಿಯನ್ನು ತಿರುಗಿಸಿ ಮೇಲೆಬ್ಬಿಸಿದರೂ, ಬೇರೆ ಚಾಲು ಬಟನ್ ಒತ್ತುವತನಕ ಯಂತ್ರ ಏಳಬಾರದು. ಪ್ರತಿ ಸ್ಕ್ರೂ ಬಿಗಿದ ಮೇಲೂ ವೈರನ್ನು ಒಮ್ಮೆ ಜಗ್ಗಿ ನೋಡಿದಳು.

ಗುಂಡಿಯ ಡಬ್ಬಿಗೆ ಅವಳು ತಂದಿದ್ದ ಕೇಬಲ್ ವರಾಂಡದ ಆ ತುದಿ ಮುಟ್ಟುವಷ್ಟಿತ್ತು.

"ಇಷ್ಟ್ ಉದ್ದ ಯಾಕ?"

"ಇರ್ಲಿ ಬಿಡ್ರಿ. ಕಡಿಮಿ ಬಿದ್ರ ನಡುವ ಗಂಟ್ ಹಾಕ್ಲಿಕ್ಕೆ ಬರಂಗಿಲ್ಲ."

ನೆರೆಯವರು ಎದ್ದ ಮೇಲೆ ಫ್ಯೂಸ್ ಕೇಳಿದಳು, ಕೊಟ್ಟೆ. ಹಲಗೆ ಇಲ್ಲದೆ ಯಂತ್ರ ಹಚ್ಚಿದಳು. ಬ್ಲೇಡು ಗಾಳಿಯಲ್ಲಿ ತಿರುಗಿತು. ಎಡಗೈ ಎತ್ತಿದಳು. ನಾನು ಗುಂಡಿ ಒತ್ತಿದೆ. ಸದ್ದು ಇಳಿಯುತ್ತಾ ಹೋಗಿ ನಿಂತಿತು. ಪಕ್ಕದ ಮನೆಯ ನಲ್ಲಿಯ ಸದ್ದು ಕೇಳಿಸಿತು. ಮತ್ತೆ ಹಚ್ಚಿ, ಈ ಸಲ ಕೇಬಲ್ಲಿನ ಕೊಂಡಿಯನ್ನು ತಾನೇ ಕಿತ್ತಳು. ಯಾರೂ ಏನೂ ಒತ್ತದೆ ಯಂತ್ರ ನಿಂತಿತು.

"ನೋಡಿದ್ರಿ?" ಎಂದಳು.

ಡಬ್ಬಿಯನ್ನು ಯಂತ್ರದ ಮೇಜಿನ ಅಂಚಿಗೆ, ತಾನು ನಿಲ್ಲುವ ಜಾಗದಲ್ಲಿ ಕೊಕ್ಕೆಗೆ ಸಿಕ್ಕಿಸಿದಳು. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟಳು. ನಾನು ಸ್ಟೂಲು ಎತ್ತಿದೆ.

"ಒಳಗ ಇಡ್ಲೇನ?"

"ಅಲ್ಲೇ ಇರ್ಲಿ. ನಿಮಗೇನ್ ಅಡ್ಡ ಬಂದದ?"

ಆಮೇಲೆ ವಾರದ ದಿನಗಳಲ್ಲೂ ಯಂತ್ರ ಓಡತೊಡಗಿತು. ಸಂಜೆ ಫೋನಿನಲ್ಲಿ ಅವಳು ಮರದ ಪುಡಿ ಗುಡಿಸುವ ಸದ್ದು ಕೇಳುತ್ತದೆ. ಕೂತಿದ್ದ ಆರ್ಡರುಗಳು ಹೋಳಿಯ ಹೊತ್ತಿಗೆ ಮುಗಿದವು. ಆ ವಾರಗಳಲ್ಲಿ ನಾನು ಬಂದಾಗಲೆಲ್ಲ ಯಂತ್ರದ ಮೇಲೆ ಹಳೆಯ ಚಾದರ ಹೊದಿಸಿರುತ್ತಿತ್ತು. ಭಾನುವಾರ ಊಟ ಮುಗಿಸಿ, ಪೇಪರ್ ಹಿಡಿದು ಹಾಲಿನಲ್ಲೇ ಕೂರುತ್ತಿದ್ದೆ.

ಕಳೆದ ಶನಿವಾರ ಯೇವಲಾದಲ್ಲಿ ಬಸ್ಸು ಕೆಟ್ಟು, ನಾಸಿಕ್ ತಲುಪುವಾಗ ತಡವಾಯಿತು. ಭಾನುವಾರ ಬೆಳಿಗ್ಗೆ ವರಾಂಡಕ್ಕೆ ಹೋದೆ. ಚಾದರ ತೆಗೆದಿತ್ತು. ಹೊಸ ಆರ್ಡರಿನ ಒಂದು ಮಂಟಪದ ಜಾಲರಿ ಕೊರೆಯಲು ಉಳಿದಿತ್ತು. ಕೇಬಲ್ಲಿನ ಸುರುಳಿ ಬಿಚ್ಚಿತ್ತು. ಗುಂಡಿಯ ಡಬ್ಬಿ ಸ್ಟೂಲಿನ ಪಕ್ಕದ ಗೋಡೆಯಲ್ಲಿ, ಹೊಸದಾಗಿ ಹೊಡೆದ ಮೊಳೆಗೆ ತೂಗುತ್ತಿತ್ತು.