ಮೂವತ್ತು ವ್ಯಾಟ್, ಮೂವತ್ತೊಂದು ಅನುಮಾನ

ಮೋಡ ಕವಿಯಬಹುದು. ಸುಂಟರಗಾಳಿ ಎದ್ದು ಗಾಜಿನ ಮೇಲೆ ಧೂಳು ಕೂರಬಹುದು. ಆಡು ಹತ್ತಿ ಕುಣಿಯಬಹುದು. ದಾರಿಯ ಕುಲುಕಾಟಕ್ಕೆ ಬ್ಯಾಟರಿಯ ಆಸಿಡ್ ಚೆಲ್ಲಿ ಮೊದಲು ಜೀಪಿನ ಸೀಟು, ಆಮೇಲೆ ನನ್ನ ಪ್ಯಾಂಟು ತೂತಾಗಬಹುದು. ಪ್ಲಸ್ಸು ಮೈನಸ್ಸು ಅದಲುಬದಲಾಗಬಹುದು. ಬಲ್ಬು ಹೋಗಬಹುದು, ಬದಲಿ ಬಲ್ಬೂ ಹೋಗಬಹುದು. ಹೀಗೆ ಮೂವತ್ತೊಂದು ಅನುಮಾನಗಳನ್ನು ನೋಟುಬುಕ್ಕಿನಲ್ಲಿ ಅಂಕಿ ಹಾಕಿ, ಒಂದೊಂದರ ಮುಂದೆ ಉಪಾಯಕ್ಕೆ ಜಾಗ ಬಿಟ್ಟು ಬರೆದುಕೊಂಡಿದ್ದೆ. ಇಪ್ಪತ್ತೆಂಟನೆಯದು, ‘ನನಗೇ ಜ್ವರ ಬರಬಹುದು’.

ಅದು 1979ರ ಏಪ್ರಿಲ್. ಬಿಜಾಪುರದ ಒಂದು ತಾಂತ್ರಿಕ ಶಾಲೆಯಲ್ಲಿ ನಾನು ವಿದ್ಯುತ್ ವಿಭಾಗದ ಬೋಧಕ. ವಯಸ್ಸು ನಲವತ್ತು ದಾಟಿತ್ತು. ಪ್ರಯೋಗಕ್ಕೆಂದು ಹದಿನೈದು ವ್ಯಾಟಿನ ಎರಡು ಸೌರ ಫಲಕಗಳು ನಮಗೆ ಎರವಲು ಬಂದಿದ್ದವು. ಬಿಸಿಲು ಬಿದ್ದರೆ ವಿದ್ಯುತ್ತು ಕೊಡುವ ಗಾಜಿನ ಹಲಗೆಗಳು. ಆಗ ನಮ್ಮ ಕಡೆ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಭೂತನಾಳ ಕೆರೆಯ ಏರಿಯ ಮೇಲಿಟ್ಟು ಪರೀಕ್ಷಿಸಿದ ದಿನ ಒಬ್ಬರು ಬಂದು, ಕನ್ನಡಿಯೆಂದು ತಿಳಿದು ಅದರಲ್ಲಿ ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು ಹೋದರು.

ಸುದ್ದಿ ಕೇಳಿ ಕಣ್ಣಿನ ಡಾಕ್ಟರು ಸುಶೀಲಾಬಾಯಿ ನಮ್ಮಲ್ಲಿಗೆ ಬಂದರು. ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ವಸ್ತಿಯ ಶಾಲೆಯಲ್ಲಿ ಅವರು ವರ್ಷಕ್ಕೊಮ್ಮೆ ಮೂರು ದಿನದ ಶಿಬಿರ ನಡೆಸಿ ಕಣ್ಣಿನ ಪೊರೆ ತೆಗೆಯುತ್ತಿದ್ದರು. ಅಲ್ಲಿಗಿನ್ನೂ ವಿದ್ಯುತ್ ತಂತಿ ಬಂದಿರಲಿಲ್ಲ. ಧೂಳಿಗೆ ಹೆದರಿ ಕಿಟಕಿ ಮುಚ್ಚಿದರೆ ಹಗಲಲ್ಲೂ ಕೋಣೆ ಕತ್ತಲು. “ಟಾರ್ಚ್ ಹಿಡಿಯೋರ ಕೈ ನಡಗ್ತಾವ್ರಿ. ನಿಂತಲ್ಲೇ ನಿಲ್ಲೋ ಬೆಳಕು ಕೊಡ್ರಿ. ಮತ್ತ ಅದು ಒಬ್ಬರ ಕೈಲೆ ಹೊರುವಂಗಿರಬೇಕು, ಮುಂದ ಎಲ್ಲಿ ಶಿಬಿರ ಹಾಕಿದ್ರೂ ಒಯ್ಯಬೇಕು,” ಅಂದರು.

ಲೆಕ್ಕ ಸರಳ. ದಿನಕ್ಕೆ ಎಂಟು ಶಸ್ತ್ರಚಿಕಿತ್ಸೆ. ಇಪ್ಪತ್ನಾಲ್ಕು ವ್ಯಾಟಿನ ಬಲ್ಬು ಒಟ್ಟು ಮೂರು ತಾಸು ಉರಿದರೆ 72 ವ್ಯಾಟ್-ಅವರ್. ಪಟ್ಟಿ ಕಟ್ಟುವ ಕೋಣೆಯ ಆರು ವ್ಯಾಟಿನ ಬಲ್ಬು ಐದು ತಾಸು ಉರಿದರೆ 30. ಕೂಡಿ 102. ಹನ್ನೆರಡು ವೋಲ್ಟಿನ, ಇಪ್ಪತ್ತು ಆಂಪಿಯರ್-ಅವರ್ ಬ್ಯಾಟರಿಯಲ್ಲಿ 240 ಇರುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬ್ಯಾಟರಿಯ ಆಯುಷ್ಯ ಕಡಿಮೆ. ಅಂದರೆ ಕೈಗೆ ಸಿಗುವುದು 120, ಒಂದು ದಿನದ ಮಾತು. ಆ ಒಂದು ದಿನದ್ದನ್ನು ಫಲಕಗಳು ದಿನವೂ ತುಂಬಿಕೊಡಬೇಕು. ಮೂವತ್ತು ವ್ಯಾಟಿಗೆ ಐದೂವರೆ ತಾಸಿನ ಪೂರ್ಣ ಬಿಸಿಲು ಹಿಡಿದರೆ 165. ಅದರಲ್ಲಿ ಸೋರಿಕೆಗೆಂದು ಮೂರರಲ್ಲೊಂದು ಪಾಲು ಬಿಟ್ಟರೂ 110. ಎಂಟು ವ್ಯಾಟ್-ಅವರ್ ಉಳಿತಾಯ! ಬೇರೆಯವರಾಗಿದ್ದರೆ ಆ ರಾತ್ರಿ ನಿದ್ದೆ ಮಾಡುತ್ತಿದ್ದರು. ನಾನು ಎದ್ದು ಸಾಮಾನಿನ ಪಟ್ಟಿಗೆ ಇಪ್ಪತ್ತು ಮೀಟರ್ ದಪ್ಪ ವೈರು ಸೇರಿಸಿದೆ. ಯಾಕೆಂದು ನನಗೂ ಗೊತ್ತಿರಲಿಲ್ಲ.

“ಮಾಸ್ತರ, ಈ ವೈರ್ ಬಿಜಾಪುರದಿಂದ ಎಳಕೊಂಡು ಹೋಗವ್ರೇನ್ರಿ?” ಎಂದು ಜೀಪಿನ ಚಾಲಕ ಮೆಹಬೂಬ ದಾರಿಯುದ್ದಕ್ಕೂ ನಕ್ಕ.

ಶಾಲೆಯ ಮುಂದೆ ಜನವೋ ಜನ. ದೂರದ ಕಾಖಂಡಕಿಯಿಂದಲೂ ಬಂದಿದ್ದರು. ಹಾಗಾಗಿ ಫಲಕಗಳನ್ನು ಹಿತ್ತಲಿನಲ್ಲಿ, ಬೇವಿನ ಮರದಿಂದ ದೂರದ ಬಯಲಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಿದೆ. ಕಾವಲಿಗೆ ಶಾಲೆಗೆ ನೀರು ತುಂಬುವ ಗುರುಬಸವ್ವ. ಅರವತ್ತರ ಹತ್ತಿರದ, ಒಂದು ಮಾತು ಕೊಟ್ಟರೆ ಬಿಡದ ಹೆಂಗಸು. “ಬೇ ಯವ್ವಾ, ಇದು ಭಾಳ ನಾಜೂಕ ಐತಿ. ಮನಿ ಮಗಳಂಗ ನೋಡ್ಕೋ,” ಎಂದು ಹೇಳಿ, ಆಡು, ಹುಡುಗರ ಚೆಂಡು, ಕೋಳಿ ಎಲ್ಲವನ್ನೂ ಒಂದೊಂದಾಗಿ ವಿವರಿಸಿದೆ.

“ತಿಳೀತ್ ಬಿಡ್ರಿ. ಮೂರು ಹೆಣ್ಣು ಸಾಕೀನಿ,” ಅಂದಳು.

ಮೊದಲ ದಿನ ಎಂಟೂ ಕಣ್ಣು ಸುಗಮ. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ನಾನು ಒಳಗೆ ದೀಪದ ಕೋನ ತಿರುಗಿಸುವವ. ಹೊರಗೆ ಬರಲು ಬಿಡುವೇ ಇಲ್ಲ. ಸಂಜೆ ವೋಲ್ಟ್‌ಮೀಟರ್ ಹಚ್ಚಿದರೆ ಮುಳ್ಳು ಇರಬೇಕಾದ್ದಕ್ಕಿಂತ ಕೆಳಗೆ. ಫಲಕಗಳು ನಾನಿಟ್ಟಲ್ಲೇ, ಇಟ್ಟ ಹಾಗೇ ಇದ್ದವು. ಗಾಜು ಒರೆಸಿದೆ, ಸ್ಕ್ರೂ ಬಿಗಿಮಾಡಿದೆ. ಇನ್ನೇನು ಮಾಡುವುದೆಂದು ತೋಚದೆ ಗುರುಬಸವ್ವನಿಗೆ ಮತ್ತೊಮ್ಮೆ, ಇನ್ನಷ್ಟು ಗಂಭೀರವಾಗಿ, “ಇದಕ್ಕೇನರೆ ಆದ್ರ ನನ್ನ ನೌಕರಿ ಉಳಿಯಂಗಿಲ್ಲ,” ಎಂದು ಹೇಳಿದೆ. ಎರಡನೆಯ ಸಂಜೆ ಮುಳ್ಳು ಮತ್ತೂ ಕೆಳಗಿತ್ತು. ಆಕಾಶದಲ್ಲಿ ಹುಡುಕಿದರೂ ಮೋಡವಿರಲಿಲ್ಲ. ಹಾಗಾದರೆ ತಪ್ಪಿದ್ದು ನನ್ನ ಲೆಕ್ಕವೇ ಎಂದುಕೊಂಡು ಗುಣಾಕಾರವನ್ನೇ ಮೂರು ಸಲ ತಿದ್ದಿದೆ.

ಮೂರನೆಯ ದಿನದ ಎಂಟನೆಯ ಸರದಿ ಬಬಲೇಶ್ವರದ ದರ್ಜಿ ದಸ್ತಗೀರಸಾಬರದು. ಎಡಗಣ್ಣು ಬಾಲ್ಯದಲ್ಲೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಹೆಂಡತಿಯೇ ಪೋಣಿಸಿಕೊಡಬೇಕಾಗಿತ್ತು. ಮೇಜಿನ ಮೇಲೆ ಮಲಗುತ್ತಾ, “ಡಾಕ್ಟರಬಾಯಾರ, ನನ್ನ ಹತ್ರ ಬದಲಿ ಕಣ್ಣಿಲ್ರಿ. ಇರೋದು ಇದೊಂದ,” ಅಂದರು.

ಆಗಲೇ ದೀಪ ಹಳದಿಗೆ ತಿರುಗಿತು. ನೋಡನೋಡುತ್ತ ಮಾಗಿದ ಲಿಂಬೆಹಣ್ಣಾಯಿತು.

ಸುಶೀಲಾಬಾಯಿ ಕೈ ಹಿಂದಕ್ಕೆ ತೆಗೆದರು. “ಈ ಬೆಳಕಿನ್ಯಾಗ, ಇದ್ದೊಂದ ಕಣ್ಣಿಗೆ ನಾ ಕೈ ಹಚ್ಚಂಗಿಲ್ಲ. ಮುಂದಿನ ಶಿಬಿರಕ್ಕ ಬರ್ರಿ.”

“ಅಂದ್ರ ಬರೋ ವರ್ಷ? ಅಷ್ಟರಾಗ ಎಷ್ಟು ಮಂದಿ ಅಂಗಿಗೆ ತೋಳು ತಿರುವಿ ಹಚ್ಚತೇನೋ,” ಎಂದು ದಸ್ತಗೀರಸಾಬರು ನಕ್ಕರು. ಬಾಗಿಲಲ್ಲಿ ನಿಂತ ಅವರ ಹೆಂಡತಿ ನಗಲಿಲ್ಲ. ಆ ತಾಯಿಯ ಸೆರಗಿನ ತುದಿಯಲ್ಲಿ ದಾರ ಪೋಣಿಸಿದ ನಾಲ್ಕು ಸೂಜಿಗಳು ಚುಚ್ಚಿದ್ದವು.

ನಾನು ನೋಟುಬುಕ್ಕು ತೆಗೆದೆ. ಎಂಟನೆಯ ಅನುಮಾನ, ‘ಬ್ಯಾಟರಿ ಬರಿದಾಗಬಹುದು’. ಅದರ ಮುಂದೆ ಉಪಾಯದ ಜಾಗ ಖಾಲಿ! ಕಿಟಕಿಯ ಸಂದಿಯಿಂದ ಇಣುಕುತ್ತಿದ್ದ ಮೆಹಬೂಬ ಕೇಳಿದ: “ಮಾಸ್ತರ, ನನ್ನ ಜೀಪಿನ ಬ್ಯಾಟರಿ ನಡ್ಯಾಂಗಿಲ್ಲೇನ್ರಿ? ಇಲ್ಲೇ ಐತಿ, ಹದಿನೈದು ಹೆಜ್ಜಿ.”

ಅದೂ ಹನ್ನೆರಡು ವೋಲ್ಟಿನದೇ. ಇಪ್ಪತ್ತು ಮೀಟರ್ ವೈರು ಜೀಪಿನಿಂದ ಕಿಟಕಿ ದಾಟಿ ಮೇಜಿನವರೆಗೆ ಬಂದು, ಇನ್ನೂ ಎರಡು ಸುತ್ತು ಉಳಿಯಿತು. ಆ ಉಳಿದದ್ದನ್ನು ಮೆಹಬೂಬನೇ ಸುತ್ತಿ ಹಿಡಿದುಕೊಂಡ. ದೀಪ ಬೆಳ್ಳಗಾಯಿತು. ಇಪ್ಪತ್ತು ನಿಮಿಷ ನಾನು ದೀಪದ ಕೋನ ತಿರುಗಿಸುತ್ತ ನಿಂತೆ. ಕೊನೆಗೆ ಸುಶೀಲಾಬಾಯಿ ಪಟ್ಟಿ ಕಟ್ಟಿ, “ಮುಗೀತ್ರಿ. ಚಲೋ ಆತು,” ಅಂದರು. ಮುಂದೆ ಆ ದರ್ಜಿ ಸೂಜಿಗೆ ತಾವೇ ದಾರ ಪೋಣಿಸುವುದನ್ನು ಬಬಲೇಶ್ವರದ ಸಂತೆಯಲ್ಲಿ ನಾನೇ ನೋಡಿದೆ.

ಆ ಮಧ್ಯಾಹ್ನ ಮಾತ್ರ ನಾನು ಕೋಣೆಯಿಂದ ಸೀದಾ ಹಿತ್ತಲಿಗೆ ನಡೆದೆ. ಕೊನೆಯ ದಿನವೆಂದು ಬೇಗ ಶುರುಮಾಡಿದ್ದರಿಂದ ಇನ್ನೂ ಮೂರೂವರೆ, ರಣಬಿಸಿಲು. ಬಯಲಲ್ಲಿ ಫಲಕಗಳಿಲ್ಲ. ಸುತ್ತ ಹುಡುಕಿದೆ. ನೋಡಿದರೆ ಎರಡೂ ಬೇವಿನ ಮರದ ಬುಡದಲ್ಲಿ, ದಟ್ಟ ನೆರಳಲ್ಲಿ, ಮೇಲೆ ಒದ್ದೆ ಗೋಣಿಚೀಲ ಹೊದ್ದು ಮಲಗಿವೆ. ಪಕ್ಕದಲ್ಲಿ ಗುರುಬಸವ್ವ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಾಳೆ.

“ಹೆದರಬ್ಯಾಡ್ರಿ ಮಾಸ್ತರ, ಕೂಸು ತಣ್ಣಗದಾವ,” ಅಂದಳು. “ಇಂಥಾ ಬಿಸಲಾಗ ಬಿಟ್ರ ಉಳೀತಾವೇನ್ರಿ? ದಿನಾ ನೀವು ಒಳಗ ಹೋದ ಮ್ಯಾಲ ನೆರಳಿಗೆ ತರತೇನಿ, ಸಂಜೀಮುಂದ ಇದ್ದಲ್ಲೇ ಇಡತೇನಿ. ಮೊನ್ನೆ ನೌಕರಿ ಮಾತು ಹೇಳಿದ್ರಲ್ಲ, ಅದಕ್ಕ ಚೀಲಾನೂ ತೊಯಿಸಿ ಹಾಕೀನಿ.”

ಬೆಲೆಬಾಳುವ ವಸ್ತುವನ್ನು ಬಿಜಾಪುರ ಸೀಮೆಯ ಏಪ್ರಿಲ್ ಬಿಸಿಲಿಗೆ ಬಿಡುವ ಹೆಂಗಸು ಅಲ್ಲಿ ಇನ್ನೂ ಹುಟ್ಟಿಲ್ಲ. ಆಕೆಗೆ ಮೂವತ್ತೊಂದು ಭಯಗಳನ್ನು ಒಪ್ಪಿಸಿದ್ದ ನಾನು, ಆ ಹಲಗೆ ಅಲ್ಲಿ ಯಾಕಿದೆ ಎಂಬ ಒಂದೇ ಒಂದು ಮಾತು ಹೇಳಿರಲಿಲ್ಲ. ಈಗ ಹೇಳಿದೆ. ಗುರುಬಸವ್ವ ಗೋಣಿಚೀಲ ಎತ್ತಿ, ಗಾಜನ್ನು ಸೆರಗಿನಿಂದ ಒರೆಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಿಸಲ ಉಂಡು ಬದುಕತೈತಿ ಅಂತ ಮೊದಲ ಹೇಳಬಾರದೇನ್ರಿ? ಮೂರು ದಿನ ಉಪಾಸ ಹಾಕಿದಂಗಾತು.”