ಒಕ್ತಾವಿ ಹಾಜರಿ ಹಾಕಲಿಲ್ಲ

ಅರ್ಮೆಲ್ ಬೆಳಗ್ಗೆಯಿಂದ ಸಂಜೆಯವರೆಗೆ ಸ್ಯಾಂ-ನಝೇರ್ ಪೇಟೆಬೀದಿಯ ಅಂಗಡಿಯಲ್ಲಿ ಊರವರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಾಳೆ. ವಯಸ್ಸು ನಲವತ್ತೆರಡು. ಮದುವೆ ಒಂದು ಆಗಿ ಮುಗಿದಿದೆ. ಅಂಗಡಿ ಮುಚ್ಚಿದ ಮೇಲೆ ಅವಳು ಪೋರ್-ಗ್ರಿವ್ ಊರಿನವಳು. ಆ ಊರು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಮೂವತ್ತನಾಲ್ಕು ಜನ ಸೇರಿ ಅಂತರ್ಜಾಲದ ಒಂದು ಫೋರಂನಲ್ಲಿ ಬರೆದು ಬರೆದು ಕಟ್ಟಿದ, ನೂರು ವರ್ಷ ಹಿಂದಿನ ಬಂದರು ಅದು. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ತಮ್ಮ ಪಾತ್ರದ ಮಾತು, ನಡೆ ಬರೆದರೆ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ತಮ್ಮ ಪಾತ್ರದ್ದನ್ನು ಬರೆಯಬೇಕು. "ಈ ವಯಸ್ಸಲ್ಲಿ ಇದೆಂಥಾ ಮಕ್ಕಳಾಟ?" ಎನ್ನುವವರಿಗೆ ಅರ್ಮೆಲ್ ಉತ್ತರ ಕೊಡುವುದಿಲ್ಲ. ಅವರ ಕನ್ನಡಕವನ್ನು ಒಂದು ಸುತ್ತು ಹೆಚ್ಚು ಬಿಗಿ ಮಾಡಿ ಕಳಿಸುತ್ತಾಳೆ, ಅಷ್ಟೆ.

ಪೋರ್-ಗ್ರಿವ್‌ನಲ್ಲಿ ಅವಳ ಹೆಸರು ಬ್ಲಾಂದಿನ್. ಬ್ಲಾಂದಿನ್‌ಳ ತಾಯಿ ಒಕ್ತಾವಿ, ಮೀನುಬಲೆ ಹೆಣೆಯುವ ವಿಧವೆ, ಬಾಯಿ ಬಲು ಜೋರು. ಒಕ್ತಾವಿಯನ್ನು ಬರೆಯುವವಳು ಗಿಸ್ಲೆನ್ ಎಂಬ ಅರವತ್ತರ ಹೆಂಗಸು, ದೂರದ ಶಾರ್ಲ್‌ವಿಲ್ ಕಡೆಯವಳು. ಒಂಬತ್ತು ವರ್ಷ ತಾಯಿ-ಮಗಳಾಗಿ ಕಚ್ಚಾಡಿದ ಈ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಲ್ಲ, ದನಿ ಕೇಳಿಲ್ಲ, ಫೋನ್ ನಂಬರೂ ಕೇಳಿಲ್ಲ. ಹೊರಗಿನ ಬದುಕನ್ನು ಹೊರಗೇ ಬಿಟ್ಟು ಬರುವುದು ಅಲ್ಲಿನ ಮರ್ಯಾದೆ. ಹಾಗಿದ್ದೂ ಅರ್ಮೆಲ್‌ಗೆ ಹೆತ್ತವಳಿಗಿಂತ ಈ ತಾಯಿಯೇ ಹತ್ತಿರ. ಅದನ್ನು ಅವಳು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ, ಗಿಸ್ಲೆನ್ ಬಳಿಯೂ.

ವರ್ಷಕ್ಕೊಮ್ಮೆ, ವಸಂತದಲ್ಲಿ, ಫೋರಂ ತನ್ನ ಉಡುಗೆ ಬದಲಿಸುತ್ತದೆ. ಬಣ್ಣ, ಚಿತ್ರ, ಅಕ್ಷರ, ಗುಂಡಿಗಳ ಜಾಗ ಎಲ್ಲವೂ ಹೊಸದು. ಹೊಲಿಯುವವಳು ಅರ್ಮೆಲ್. ಎಲ್ಲೂ ಕಲಿತವಳಲ್ಲ, ಬೇರೆಯವರು ಬರೆದ ಕೋಡನ್ನು ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತವಳು. ಉಡುಗೆ ಬದಲಾದ ದಿನದಿಂದ ಹತ್ತು ದಿನ ಕಥೆಗಳಿಗೆಲ್ಲ ಬೀಗ. ಅಷ್ಟರಲ್ಲಿ ಪ್ರತಿಯೊಬ್ಬರೂ ಹಾಜರಿ ಪುಟಕ್ಕೆ ಹೋಗಿ 'ನಾನಿದ್ದೇನೆ' ಎಂದು ಬರೆಯಬೇಕು. ಬರೆಯದವರ ಖಾತೆಯನ್ನು ಅಳಿಸಿಬಿಡುತ್ತಾರೆ. ಇದೇನು ಕಟುಕತನ ಅನ್ನಿಸಬಹುದು. ಆದರೆ ಹೇಳದೆ ಕೇಳದೆ ಮಾಯವಾದವನ ಉತ್ತರಕ್ಕೆ ತಿಂಗಳುಗಟ್ಟಲೆ ಕಾದು ಕೂತವರಿಗೆ ಮಾತ್ರ ಆ ಸಂಕಟ ಗೊತ್ತು. ಹಿಂದಿನ ವರ್ಷ ಒಬ್ಬ ಒಂದೇ ದಿನ ತಡವಾಗಿ ಬಂದು ಗೋಗರೆದಾಗ, "ನಿಯಮ ಅಂದ್ಮೇಲೆ ನಿಯಮ" ಎಂದು ಬಾಗಿಲು ಹಾಕಿಸಿದವಳು ಇದೇ ಅರ್ಮೆಲ್.

ಜನವರಿಯಲ್ಲಿ ಗಿಸ್ಲೆನ್‌ಳಿಂದ ಫೋರಂನ ಒಳಗಿನ ಅಂಚೆಯಲ್ಲಿ ಒಂದು ಪತ್ರ ಬಂತು.

"ಮಗಳೇ, ನಮ್ಮ ಯಜಮಾನ್ರು ರೆಜಿಸ್‌ಗೆ ಈಗ ವಾರಕ್ಕೆ ಮೂರು ದಿನ ಆಸ್ಪತ್ರೆ. ಕಂಪ್ಯೂಟರ್ ಬೇರೆ ಕೈಕೊಡ್ತು. ಉಳಿದಿರೋದು ಫೋನ್ ಒಂದೇ. ನೀನು ಹೊಲಿದಿರೋದನ್ನ ಇದ್ರಲ್ಲಿ ನೋಡೋದು ಅಂದ್ರೆ ಬೀಗದ ತೂತಿಂದ ಪೇಪರ್ ಓದಿದ ಹಾಗೆ ಕಣೇ. ಉತ್ತರದ ಗುಂಡಿ ಹುಡುಕೋ ಅಷ್ಟ್ರಲ್ಲಿ ನರ್ಸಮ್ಮ ಬಂದು ಎಬ್ಬಿಸ್ತಾಳೆ. ಹೀಗೇ ಆದ್ರೆ ಒಕ್ತಾವಿನ ಸಮುದ್ರಕ್ಕೆ ತಳ್ಳಿ ಸುಮ್ನಾಗ್ತೀನಿ ನೋಡು."

ತಮಾಷೆಯಾಗಿಯೇ ಬರೆದಿದ್ದಳು. ಅರ್ಮೆಲ್ ಮಾತ್ರ ಅದನ್ನು ತಮಾಷೆಯೆಂದು ಬಿಡಲಿಲ್ಲ. ಫೋರಂ ಕಟ್ಟಿದ ಕೊರಾಂತೆನ್‌ಗೆ ಅವತ್ತೇ ಫೋನ್ ಮಾಡಿದಳು. ಅವನು ರೆನ್ ಊರಿನ ಗ್ರಂಥಪಾಲಕ.

"ಫೋನಿಗೆ ಅಂತ ಉಡುಗೆನಾ? ಎಂಟುನೂರು ಪದ ಹೆಬ್ಬೆರಳಲ್ಲಿ ಯಾರೇ ಕುಟ್ತಾರೆ?"

"ಗಿಸ್ಲೆನ್ ಕುಟ್ತಾಳೆ."

"ಒಬ್ಬಳಿಗೋಸ್ಕರ ಊರೆಲ್ಲಾ ಕೆಡವ್ತೀಯಾ? ಅಷ್ಟು ಚೆಂದದ ಬಂದರಿನ ಚಿತ್ರ ಎಲ್ಲಿಗೆ ಹೋಗ್ಬೇಕು?"

"ದೊಡ್ಡ ಪರದೆಯಲ್ಲಿ ನಿನ್ನ ದೋಣಿ, ಹಕ್ಕಿ ಎಲ್ಲಾ ಇಟ್ಕೊಂಡು ತಲೆ ಮೇಲೆ ಹೊತ್ಕೋ ಮಾರಾಯಾ. ಸಣ್ಣ ಪರದೆಯಲ್ಲಿ ನನ್ನ ತಂಟೆಗೆ ಬರ್ಬೇಡ."

ಎರಡೂವರೆ ತಿಂಗಳು ಅರ್ಮೆಲ್‌ಗೆ ಬೇರೆ ಧ್ಯಾನವೇ ಇರಲಿಲ್ಲ. ಅಂಗಡಿಯಲ್ಲಿ ಮಧ್ಯಾಹ್ನದ ಬ್ರೆಡ್ಡನ್ನು ಅಗಿಯುತ್ತ ಕಾಗದದ ಮೇಲೆ ಪುಟ್ಟ ಪುಟ್ಟ ಚೌಕ ಗೀಚುತ್ತಿದ್ದಳು. ಯಾರಿಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಬಹುದಾದ ಉಡುಗೆ ಅದು. ಅಕ್ಷರ ದಪ್ಪ ಮಾಡಬಹುದು, ಏಳು ಬಣ್ಣದಲ್ಲಿ ಒಂದನ್ನು ಆರಿಸಬಹುದು, ಉತ್ತರದ ಗುಂಡಿಯನ್ನು ಎಡಕ್ಕೋ ಬಲಕ್ಕೋ ಸರಿಸಬಹುದು. ಆ ಕೊನೆಯದನ್ನು ಮಾಡಿದ್ದು ಗಿಸ್ಲೆನ್‌ಗೆಂದೇ. "ಯಾವ ಕೈಲಿ ಫೋನ್ ಹಿಡಿತೀಯಾ?" ಎಂದು ಕೇಳಿದ್ದಕ್ಕೆ, "ಎಡಗೈಲಿ. ಬಲಗೈ ರೆಜಿಸ್ ಹತ್ರ ಇರತ್ತೆ" ಎಂದು ಬರೆದಿದ್ದಳು.

ಪುಟದ ನೆತ್ತಿಯ ಮೇಲೊಂದು ಪಟ್ಟಿ ಇತ್ತು. ಅದರಲ್ಲಿ ಪ್ರಕಟಣೆಗಳು, ಹಾಜರಿ ಪುಟದ ಕೊಂಡಿ, ಪತ್ರ ಬಂದಿದೆ ಎಂದು ತೋರಿಸುವ ಲಕೋಟೆ. ದೊಡ್ಡ ಪರದೆಯಲ್ಲಿ ಒಂದೇ ಸಾಲಾಗಿ ಮಲಗುವ ಆ ಪಟ್ಟಿ ಫೋನಿನಲ್ಲಿ ನಾಲ್ಕು ಸಾಲಾಗಿ ಎದ್ದು ಕೂತು, ಕಥೆಯನ್ನು ಕೆಳಕ್ಕೆ ನೂಕುತ್ತಿತ್ತು. ಅರ್ಮೆಲ್ ರೇಗಿ, ಫೋನಿನಲ್ಲಿ ಅದು ಕಾಣದಂತೆ ಒಂದು ಸಾಲು ಬರೆದಳು. ಅದರೊಳಗಿನ ಮೂರನ್ನೂ ನಾಳೆ ಬೇರೆ ಕಡೆ ಇಟ್ಟರಾಯಿತು ಎಂದುಕೊಂಡಳು. ಮಾರನೆಯ ದಿನ ಅಂಗಡಿಗೆ ಹೊಸ ಸರಕು ಬಂತು, ಅದರ ಮಾರನೆಯ ದಿನ ಸೊಂಟ ಹಿಡಿಯಿತು. ಆ ನಾಳೆ ಬರಲೇ ಇಲ್ಲ.

ಪರೀಕ್ಷೆ ಮಾಡಲಿಲ್ಲವೆಂದಲ್ಲ. ತನ್ನ ಫೋನಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದಳು. ಪುಟ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹೆಮ್ಮೆಪಟ್ಟಳು. ಉಡುಗೆ ಹೊಲಿದವರೇ ಮೊದಲ ಹಾಜರಿ ಹಾಕುವುದು ಅಲ್ಲಿನ ಪದ್ಧತಿ. ಅದನ್ನು ಅವಳು ಕಂಪ್ಯೂಟರಿನಿಂದ ಹಾಕಿದಳು.

ಏಪ್ರಿಲ್ ಮೊದಲ ವಾರ ಹೊಸ ಉಡುಗೆ ಹೊರಬಿತ್ತು. ಹೊಗಳಿಕೆಯ ಮಳೆ. ಮೂರನೆಯ ದಿನಕ್ಕೆ ಇಪ್ಪತ್ತು ಹಾಜರಿ, ಏಳನೆಯ ದಿನಕ್ಕೆ ಮೂವತ್ತಮೂರು. ಒಕ್ತಾವಿಯ ಹೆಸರಿಲ್ಲ. ಅರ್ಮೆಲ್ ಪತ್ರ ಬರೆದಳು. ಇನ್ನೊಂದು ಬರೆದಳು. ಮತ್ತೂ ಒಂದು. ಉತ್ತರವಿಲ್ಲ. ಗಿಸ್ಲೆನ್ ಫೋರಂ ಕಡೆಗೇ ಬರದೇ ಇದ್ದಿದ್ದರೆ ಆಸ್ಪತ್ರೆ, ಕಷ್ಟ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಒಕ್ತಾವಿಯ ಹೆಸರಿನ ಕೆಳಗೆ, ಕೊನೆಯ ಭೇಟಿ ಇವತ್ತು ಎಂದು ದಿನವೂ ತೋರಿಸುತ್ತಿತ್ತು. ಬರುತ್ತಾಳೆ, ನೋಡುತ್ತಾಳೆ, ಒಂದು ಮಾತೂ ಇಲ್ಲದೆ ಹೋಗುತ್ತಾಳೆ. ತಾನು ಯಾರಿಗಾಗಿ ಕಣ್ಣು ಕೆಂಪು ಮಾಡಿಕೊಂಡು ಹೊಲಿದೆನೋ ಅವಳೇ ಹೀಗೆ ಮುಖ ತಿರುಗಿಸುವುದೆಂದರೆ! ಅರ್ಮೆಲ್‌ಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು.

ಹತ್ತನೆಯ ದಿನ, ಭಾನುವಾರ, ಕೊರಾಂತೆನ್ ಫೋನ್ ಮಾಡಿದ.

"ಒಬ್ಬಳೇ ಬಾಕಿ. ನಿಮ್ಮಮ್ಮ."

"ಗೊತ್ತು."

"ಬೇಕಾದ್ರೆ ಎರಡು ದಿನ ಕಾಯೋಣ. ನಾನು ಯಾರಿಗೂ ಹೇಳಲ್ಲ."

ಅರ್ಮೆಲ್ ಒಕ್ತಾವಿಯ ಹೆಸರಿನ ಕೆಳಗೆ ನೋಡಿದಳು: ಕೊನೆಯ ಭೇಟಿ ಇವತ್ತು. ಹೂಂ ಅಂದಿದ್ದರೆ ಸಾಕಿತ್ತು.

"ಬೇಡ. ದಿನಾ ಬಂದು ನೋಡ್ಕೊಂಡು ಹೋಗ್ತಿದಾಳೆ, ಇರೋಕೆ ಇಷ್ಟ ಇಲ್ಲ ಅಂತ ತಾನೇ ಅರ್ಥ? ನಿಯಮ ಅಂದ್ಮೇಲೆ ನಿಯಮ. ಅಳಿಸು."

ಅವನು ಅಳಿಸಿದ.

ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಮುದುಕರೊಬ್ಬರಿಗೆ ಕನ್ನಡಕದ ಚೌಕಟ್ಟು ತೋರಿಸುತ್ತಿದ್ದಾಗ ಅರ್ಮೆಲ್‌ಳ ಫೋನ್ ಗುಂಯ್ ಎಂದಿತು. ಊರಿನ ಸದಸ್ಯರಲ್ಲದವರೂ ಬರೆಯಬಹುದಾದ ಪುಟವೊಂದಿದೆ, ಅಲ್ಲಿ ಯಾರೋ ಬರೆದಿದ್ದರು.

"ಒಕ್ತಾವಿನ ಬರೆಯೋ ಗಿಸ್ಲೆನ್ ನಾನು. ನನ್ನ ಹೆಸರು, ಪಾಸ್‌ವರ್ಡ್ ಯಾವುದೂ ತಗೊಳ್ತಿಲ್ಲ. ಹಾಜರಿ ಯಾವಾಗ ಶುರು ಆಗತ್ತೆ ಅಂತ ದಿನಾ ಬಂದು ನೋಡ್ತಿದ್ದೆ, ಎಲ್ಲೂ ಕಾಣ್ಲಿಲ್ಲ. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೇಳಿ. ಅಕ್ಷರ ಚೆನ್ನಾಗಿ ಕಾಣ್ತಿದೆ, ಗುಂಡಿ ಎಡಗೈಗೆ ಸರಿಯಾಗಿ ಸಿಗತ್ತೆ ಅಂತ ಬ್ಲಾಂದಿನ್‌ಗೆ ತಿಳಿಸಿ. ರೆಜಿಸ್ ಶುಕ್ರವಾರ ಹೋಗಿಬಿಟ್ರು."

ಅರ್ಮೆಲ್ ಕೈಯಲ್ಲಿದ್ದ ಫೋನಿನಲ್ಲಿ ಪುಟದ ನೆತ್ತಿಯನ್ನು ನೋಡಿದಳು. ಪ್ರಕಟಣೆ ಇಲ್ಲ, ಹಾಜರಿಯ ಕೊಂಡಿ ಇಲ್ಲ, ಲಕೋಟೆ ಇಲ್ಲ. ತೊಳೆದಿಟ್ಟ ತಟ್ಟೆ. ಅವಳು ಕಳಿಸಿದ ಮೂರು ಪತ್ರಗಳೂ ಆ ಬರಿದಾದ ಜಾಗದ ಹಿಂದೆಯೇ ಬಿದ್ದಿದ್ದವು. ಗಂಡ ಸಾಯುತ್ತಿರುವಾಗ ಆ ಹೆಂಗಸು ಎಡಗೈಯಲ್ಲಿ ಫೋನ್ ಹಿಡಿದು ದಿನವೂ ಬಂದು ಬಾಗಿಲು ಹುಡುಕಿದ್ದಳು.

"ಏನಮ್ಮಾ, ಹುಷಾರಿಲ್ವಾ? ಕೂತ್ಕೋ" ಎಂದು ಗಿರಾಕಿಯೇ ಅವಳಿಗೆ ಕುರ್ಚಿ ಎಳೆದು ಕೊಟ್ಟರು.

ಹಿಂದಿನ ಕೋಣೆಯಿಂದ ಕೊರಾಂತೆನ್‌ಗೆ ಫೋನ್ ಮಾಡಿದಳು. ಪಟ್ಟಿಯ ವಿಷಯ ಹೇಳಿ, ಖಾತೆ ವಾಪಸ್ ತರಬಹುದೇ ಎಂದು ಕೇಳಿದಳು.

"ವಾಪಸ್ ತರೋಕಾಗಲ್ಲ ಅರ್ಮೆಲ್. ಖಾತೆ ಹೋಯ್ತು ಅಂದ್ರೆ ಹೋಯ್ತು. ಅವಳು ಬರೆದಿದ್ದೆಲ್ಲಾ ಇದೆ, ಆದ್ರೆ ಎಲ್ಲದರ ಮೇಲೂ, ಖಾತೆ ಇಲ್ಲದವರಿಗೆ ತೋರಿಸೋ ಹಾಗೆ, 'ಅತಿಥಿ' ಅಂತ ಬಂದಿದೆ. ನಾನು ಕಾಯೋಣ ಅಂದಿದ್ದೆ ಕಣೇ."

"ಗೊತ್ತು ಬಿಡು. ಚುಚ್ಚಬೇಡ."

ಅದೇ ಬಹಿರಂಗ ಪುಟದಲ್ಲಿ, ಊರೆಲ್ಲ ಓದುವಂತೆ, ಅರ್ಮೆಲ್ ನಡೆದದ್ದನ್ನು ಬರೆದಳು. ಪಟ್ಟಿ ಮರೆಮಾಡಿದ್ದು ತಾನು, ಮರೆತದ್ದು ತಾನು, ಕಾಯುವುದು ಬೇಡ ಅಂದದ್ದೂ ತಾನು. ಈ ಕೊನೆಯದನ್ನು ಬಿಟ್ಟುಬಿಡಬಹುದಿತ್ತು. ಎರಡು ಸಲ ಅಳಿಸಿ ಮೂರನೆಯ ಸಲ ಬರೆದು ಕಳಿಸಿದಳು.

ಉತ್ತರ ಬರಲು ಆರು ದಿನ ಹಿಡಿಯಿತು.

"ಮಗಳೇ, ನಿಂಗೆ ನಾನು ಸಾಕಾದೆ ಅಂತ ಅಂದ್ಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾಯ್ತು. ಆದ್ರೆ ಅಳಿಸು ಅಂದಿದ್ದು ನೀನೇ ಅನ್ನೋದನ್ನ ನುಂಗೋಕೆ ಸ್ವಲ್ಪ ಕಾಲ ಬೇಕು, ಬೇಜಾರ್ ಮಾಡ್ಕೋಬೇಡ. ಹೊಸ ಹೆಸರು ತಗೊಂಡು ಮೊದಲಿಂದ ಶುರು ಮಾಡೋ ತಾಕತ್ತು ನಂಗಿಲ್ಲ. ಒಕ್ತಾವಿ ಜಗಳಾನೆಲ್ಲ ರೆಜಿಸ್‌ಗೆ ಓದಿ ಹೇಳ್ತಿದ್ದೆ, ಅವರು ನಗ್ತಿದ್ರು. ಈಗ ಅದನ್ನೇ ಓದೋಣ ಅಂತ ತೆಗೆದ್ರೆ ಎಲ್ಲಿ ನೋಡಿದ್ರೂ ಅತಿಥಿ, ಅತಿಥಿ, ಅತಿಥಿ. ಯಾರೋ ಬರೆದ ಹಾಗಿದೆ."

ಒಟ್ಟು ಸಾವಿರದ ಇನ್ನೂರ ಆರು ಬರಹಗಳು. ಒಂದೇ ಏಟಿಗೆ ಹೆಸರು ತಿದ್ದುವ ಉಪಾಯವಿಲ್ಲ. ಒಂದೊಂದನ್ನೇ ತೆರೆದು, ತಲೆಯ ಮೇಲೆ 'ಒಕ್ತಾವಿ' ಎಂದು ಕೈಯಾರೆ ಬರೆದು, ಉಳಿಸಿ, ಮುಚ್ಚಬೇಕು. ಸೋಮವಾರ ಬೆಳಗ್ಗೆ ಅಂಗಡಿಗೆ ರಜೆ. ಅರ್ಮೆಲ್ ಕಾಫಿ ಮಾಡಿಕೊಂಡು, ಒಂಬತ್ತು ವರ್ಷದ ಹಿಂದಿನ ಮೊದಲ ಜಗಳದಿಂದ ಶುರು ಮಾಡಿದಳು. ಅದರಲ್ಲಿ ಒಕ್ತಾವಿ ಮಗಳನ್ನು ಸೋಂಬೇರಿ ಎಂದು ಬೈದಿದ್ದಳು. ಹನ್ನೊಂದು ಗಂಟೆಗೆ ಎಪ್ಪತ್ತು ಆಗಿತ್ತು, ಕಾಫಿ ತಣ್ಣಗಾಗಿತ್ತು. ಪುಟದ ಅಡಿಯಲ್ಲಿ, ಈಗ ಇದನ್ನು ಓದುತ್ತಿರುವವರು ಎಂಬ ಸಾಲು ಕಣ್ಣಿಗೆ ಬಿತ್ತು: ಸದಸ್ಯರು ಒಬ್ಬರು, ಅತಿಥಿ ಒಬ್ಬರು.

ಅರ್ಮೆಲ್ ಏನೂ ಬರೆಯಲು ಹೋಗಲಿಲ್ಲ. ಎಪ್ಪತ್ತೊಂದನೆಯದನ್ನು ತೆರೆದು ಹೆಸರು ಹಾಕಿದಳು. ಓದುವವರು ಮುಂದಿನದಕ್ಕೆ ಬರುವುದರೊಳಗೆ ಅಲ್ಲಿಯೂ ಹೆಸರಿರಲಿ ಎಂದು ಬೇಗ ಬೇಗ ಎಪ್ಪತ್ತೆರಡನೆಯದನ್ನು ತೆರೆದಳು.