ಯಡೂರಿನ ಒಂದು ಕಿಲೋ ನೀರು

ನೀರೇ ಜೀವ ಎಂದು ಹಿರಿಯರು ಹೇಳಿದ್ದಾರೆ. ಅವರಲ್ಲಿ ಯಾರೂ ಕಿಡ್ನಿ ಡಾಕ್ಟರರ ಬಾಗಿಲಲ್ಲಿ ಪಾಳಿ ಹಚ್ಚಿ ಕೂತವರಲ್ಲ.

ನಾನು ನಿಪ್ಪಾಣಿಯ ಗೋದಾಮಿನಲ್ಲಿ, ನಮ್ಮ ಮಾತಿನಲ್ಲಿ ವಖಾರಿಯಲ್ಲಿ, ಮೂವತ್ತು ವರ್ಷ ತಂಬಾಕು ತೂಗಿದವನು. ದೆವ್ವ, ಶಕುನಗಳು ತೂಕದ ಕಾಟಾದ ಮೇಲೆ ನಿಲ್ಲುವುದಿಲ್ಲ, ಆದ್ದರಿಂದ ಅವು ಇಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು. ಕೊನೆಗೆ ಅದೇ ಕಾಟಾ ನನ್ನ ಮಾನ ಕಳೆಯಿತು.

ಎಂಬತ್ತರ ದಶಕದ ಕೊನೆಯ ಮಾತು. ನನ್ನ ಹೆಂಡತಿ ಪಾರ್ವತಿಯ ಕಿಡ್ನಿಗಳು ಸೋಲುತ್ತ ಬಂದಿದ್ದವು. ಮಿರಜದಿಂದ ಗುರುವಾರಕ್ಕೊಮ್ಮೆ ನಮ್ಮೂರಿಗೆ ಬರುತ್ತಿದ್ದ ಡಾಕ್ಟರರು ಬೈಯುವವರ ಪೈಕಿಯಲ್ಲ. ರಿಪೋರ್ಟು ನೋಡುವ ಮೊದಲೇ "ನೀರಡಿಕಿ ಹ್ಯಾಂಗ ಐತ್ರಿ?" ಎಂದು ಕೇಳುತ್ತಿದ್ದರು. ಅವರು ಹಾಕಿಕೊಟ್ಟ ಪಥ್ಯ ಇದು: ದಿನಕ್ಕೆ ಒಂದೇ ತಂಬಿಗೆ ನೀರು, ಅದನ್ನು ಮುಂಜಾನೆಯೇ ತುಂಬಿಡಬೇಕು. ಉಪ್ಪು ಬಿಟ್ಟರೆ ಅರ್ಧ ನೀರಡಿಕೆ ಹೋಗುತ್ತದೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಬೇಕು. ನನಗೆ ಮಾತ್ರ ನನ್ನ ಭಾಷೆಯಲ್ಲೇ ತಿಳಿಸಿದರು:

"ಹಸಿ ತಂಬಾಕು ವಜನ ಜಾಸ್ತಿ ಬರ್ತೈತಲ್ಲ ಅಣ್ಣಾರ, ಹಂಗ ಇದು. ದಿನಾ ಮುಂಜಾನೆ ಇವರನ್ನ ತೂಗ್ರಿ. ಒಮ್ಮೆಲೆ ಒಂದು ಕಿಲೋ ಏರಿತಂದ್ರ ಒಂದು ಲೀಟರ್ ನೀರು ಮೈಯಾಗ ನಿಂತೈತಿ ಅಂತ ತಿಳೀರಿ. ಎದಿಗೆ ಏರಿದ್ರ ಉಸರ ಹಿಡಿತೈತಿ."

ಹೀಗೆ ಪಾರ್ವತಿ ದಿನಾ ವಖಾರಿಗೆ ಬಂದು ತಂಬಾಕಿನ ಚೀಲಗಳಿಗಿಂತ ಮೊದಲು ಕಾಟಾ ಹತ್ತತೊಡಗಿದಳು.

"ನನಗೇನ ದರಾ ಹಚ್ತೀರಿ?"

"ಹಸಿ ಮಾಲು ತಗೊಳ್ಳಾಂಗಿಲ್ಲ."

ಅವಳ ತವರು ಯಡೂರು. ಕೃಷ್ಣೆಯ ದಂಡೆಯಲ್ಲಿ ಬೆಳೆದವಳ ಪಾಲಿಗೆ ಉಳಿದದ್ದು ಒಂದು ತಂಬಿಗೆ. ಆ ಬೇಸಿಗೆಯಲ್ಲಿ ಅವಳ ಹರಕೆಯ ಕಾಯಿ ಒಡೆಸಲು ನಾನು ಅಲ್ಲಿಯ ವೀರಭದ್ರನ ಗುಡಿಗೆ ಹೊರಟಾಗ ಬಾಗಿಲಿಗೆ ಬಂದು ನಿಂತಳು. "ಹೊಳಿಯಾಗ ಇಳದು ಹೊಟ್ಟಿ ತುಂಬ ಕುಡದ ಬರ್ರಿ. ನನ್ನ ಪಾಲಿಂದೂ."

ಮಧ್ಯಾಹ್ನ ಮೊಳಕಾಲುದ್ದ ನೀರಿನಲ್ಲಿ ನಿಂತು ಬೊಗಸೆ ಬೊಗಸೆ ಕುಡಿದೆ. ನನಗೆ ಸಾಕಾದ ಮೇಲೂ ಅವಳ ಹೆಸರಿನಲ್ಲಿ ಕುಡಿದೆ. ಪಕ್ಕದಲ್ಲಿ ಒಂದು ಎಮ್ಮೆಯೂ ಕುಡಿಯುತ್ತಿತ್ತು. ನನಗಿಂತ ಮೊದಲೇ ಮುಗಿಸಿತು.

ಸಂಜೆ ಮನೆಗೆ ಬಂದರೆ ಅವಳ ತಂಬಿಗೆಯಲ್ಲಿ ಅರ್ಧ ನೀರು ಹಾಗೆಯೇ ಇತ್ತು. ಬೇರೆ ದಿನ ಅದು ಮೂರು ಗಂಟೆಗೇ ಬರಿದಾಗುತ್ತಿತ್ತು.

"ಮಧ್ಯಾಹ್ನದಿಂದ ನೀರಡಿಕಿನ ಇಲ್ಲರಿ," ಎಂದಳು. "ನೀರು ಜರಾ ರಾಡಿ ಇತ್ತು. ಆ ಎಮ್ಮಿನ್ನ ಯಾಕ ಅಷ್ಟ ಹತ್ರ ಬಿಟ್ಟಕೊಂಡ್ರಿ?"

ಎಮ್ಮೆಯ ಸುದ್ದಿ ನಾನು ಎತ್ತಿರಲೇ ಇಲ್ಲ.

ಮರುದಿನ ಮುಂಜಾನೆ ಅವಳ ತೂಕ ಒಂದು ಕಿಲೋ ಏರಿತ್ತು. ಮೊದಲು ಕಾಟಾದ ಮೇಲೆ ಸಂಶಯಪಟ್ಟೆ. ತೂಕದ ಕಲ್ಲು ಇಟ್ಟು ನೋಡಿದೆ, ಸರಿಯಾಗಿತ್ತು. ಆಮೇಲೆ ಹೆಂಡತಿಯ ಮೇಲೆ ಸಂಶಯಪಟ್ಟೆ. ಹಿಂದಿನ ದಿನವೆಲ್ಲ ಅವಳ ಜೊತೆಗಿದ್ದ ನನ್ನ ತಂಗಿ, ತಂಬಿಗೆಯದ್ದು ಬಿಟ್ಟು ಅತ್ತಿಗೆ ಬೇರೆ ಹನಿ ಮುಟ್ಟಿಲ್ಲ ಎಂದು ಆಣೆ ಹಾಕಿದಳು. ಪಾರ್ವತಿಯ ಕಾಲುಗಳು ಬಾತಿದ್ದವು.

ಪುಣ್ಯಕ್ಕೆ ಅಂದು ಗುರುವಾರ. ಡಾಕ್ಟರರು ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ. ಕಾಲು ಒತ್ತಿ ನೋಡಿ, ಎದೆ ಪರೀಕ್ಷಿಸಿ, ಮೂತ್ರದ ಗುಳಿಗೆ ಹೆಚ್ಚಿಸಿದರು. ಆಮೇಲೆ ಅವಳನ್ನು ಮೆಲ್ಲಗೆ ಕೇಳಿದರು: "ರುಚಿ ಇತ್ತೇನ್ರಿ?"

"ಭಾಳ," ಎಂದಳು.

ಪಥ್ಯದ ಚೀಟಿಯಲ್ಲಿ ಬಿಡಬೇಕಾದವು ಉಪ್ಪು, ಉಪ್ಪಿನಕಾಯಿ, ಬಾಳೆಹಣ್ಣು ಎಂದಿತ್ತು. ಅದರ ಕೆಳಗೆ 'ಯಡೂರು' ಎಂದು ಬರೆದು ನನ್ನ ಕೈಗಿತ್ತರು. "ಅಣ್ಣಾರ, ಇನ್ನ ಹೋಗಬ್ಯಾಡ್ರಿ."

ನಾಲ್ಕು ದಿನಕ್ಕೆ ಆ ಕಿಲೋ ಇಳಿಯಿತು. ಅವಳು ಮತ್ತೆರಡು ವರ್ಷ ಇದ್ದಳು. ಬೇಸಿಗೆ ಬಂತೆಂದರೆ ಕಾಟಾದ ಮೇಲೆ ನಿಂತು, "ಒಮ್ಮೆ ಹೋಗಿ ಬರ್ರಲಾ," ಎನ್ನುತ್ತಿದ್ದಳು. ನಾನು ಮುಳ್ಳು ನೋಡಿ ಅಂದಿನ ತೂಕ ಬರೆದುಕೊಳ್ಳುತ್ತಿದ್ದೆ. ಅದು ಏನು, ಹೇಗೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ತಿಳಿದವರಂತೆ ಮಾತಾಡಿದವರಿಗೆ ಚಹಾ ಕುಡಿಸಿ ಕಳಿಸಿದ್ದೇನೆ.

ಅವಳು ತೀರಿಕೊಂಡ ಮೇಲೆ ಒಮ್ಮೆ ಯಡೂರಿಗೆ ಹೋದೆ. ಅದೇ ಜಾಗದಲ್ಲಿ ನಿಂತು ಇಬ್ಬರ ಪಾಲೂ ಕುಡಿದು ಬಂದೆ. ಮರುದಿನ ಮುಂಜಾನೆ ವಖಾರಿಯ ಬಾಗಿಲು ತೆಗೆದು ಅವಳ ಆ ಒಂದು ಕಿಲೋ ಏರಿದೆಯೇನೋ ಎಂದು ಬರಿಯ ಕಾಟಾ ನೋಡಿದೆ. ಮುಳ್ಳು ಸೊನ್ನೆಯ ಮೇಲಿತ್ತು.